ನಾಲ್ಕು ತಂತಿ

ಗುತ್ತಲು ರಸ್ತೆಯ ಬೋರಲಿಂಗಣ್ಣನ ಕ್ಯಾಸೆಟ್ ಅಂಗಡಿ,
ಹಿಂದಿನ ಕೋಣೆಯಲ್ಲಿ ಒಂದು ಟೀವಿ, ಒಂದು ಚಾಪೆ,
ಅರ್ಧ ಗಂಟೆಗೆ ಎರಡು ರೂಪಾಯಿ.
ಸಕ್ಕರೆ ಕಾರ್ಖಾನೆಯ ಸೈರನ್ನು ಕೂಗಿದರೆ
ಅವರ ಪಾಳಿ ಮುಗಿಯಿತು, ನಮ್ಮದೂ.

ಮುಂಬಯಿಯಿಂದ ಯಾರೋ ತಂದ ಹಳೇ ಮಾಲು,
ನಾಲ್ಕು ಆಟದ ಪೆಟ್ಟಿಗೆ, ನಾಲ್ಕು ಥರದ ಹಿಡಿಕೆ.
ಕೂತು ಆಡಿದವರ ಮುಖ ಮರೆತಿದೆ,
ಅಂಗೈ ಮಾತ್ರ ಅವನ್ನು ಮರೆತಿಲ್ಲ.

ಒಂದು ಬರೀ ತಿರುಗಣೆ.
ರೇಡಿಯೋದ ಕಿವಿ ಹಿಂಡಿದ ಹಾಗೆ ಹಿಂಡಬೇಕು.
ಕಬ್ಬಿನಹಾಲು ಕುಡಿದು ಕೈ ತೊಳೆಯದೆ ಬಂದವರ ಅಂಟು
ಒಳಗಿಳಿದು, ತೆರೆಯ ಮೇಲಿನ ಬ್ಯಾಟು
ಚಳಿಜ್ವರ ಬಂದಂತೆ ನಡುಗುತ್ತಿತ್ತು.

ಇನ್ನೊಂದರ ಮೈತುಂಬ ಫೋನಿನ ಅಂಕಿಗಳು.
ಯಾರಿಗೆ ಮಾಡುವುದು, ಹೇಳಿ?
ಅಂಕಿಗಳ ಮೇಲೆ ಜಾರಿಸುವ ಚಿತ್ರದ ಹಾಳೆ ಎಲ್ಲೋ ಕಳೆದು
ಯಾವುದು ಒತ್ತಿದರೆ ಗುಂಡು, ಯಾವುದಕ್ಕೆ ಬಾಗಿಲು,
ಬಲ್ಲವನು ಸ್ವರ್ಣಸಂದ್ರದ ರೇವಣ್ಣ ಒಬ್ಬನೇ.
ಹೇಳಿಕೊಡಲು ಶುಂಠಿ ಪೆಪ್ಪರಮೆಂಟು ಕೇಳುತ್ತಿದ್ದ.
ಕೆಳಗೊಂದು ಬಿಲ್ಲೆ, ಅದಕ್ಕೆ ಹದಿನಾರು ದಿಕ್ಕಂತೆ.
ನಮಗೆ ಮೇಷ್ಟ್ರು ಕಲಿಸಿದ್ದು ಎಂಟು.
ಉಳಿದ ಎಂಟರಲ್ಲಿ ಯಾವುದಕ್ಕೋ ತಿರುಗಿ
ನಮ್ಮ ಸಿಪಾಯಿ ದಿನಾ ಗೋಡೆ ಹಾಯುತ್ತಿದ್ದ.

ಮೂರನೆಯದರ ಕೋಲು ಬಿಟ್ಟರೆ ನಡುವಿಗೆ ಬರದು.
ಬಲಕ್ಕೆ ತಳ್ಳಿದರೆ ಬಲಕ್ಕೇ ವಾಲಿಕೊಂಡು,
ನಿದ್ದೆ ಹೋದ ಕರುವಿನ ಕಿವಿ.
ವಾಪಸು ಕರೆತರುವ ಕೆಲಸವೂ ನಮ್ಮದೇ.

ನನಗೆ ಬೇಕಿದ್ದದ್ದು ಕೊನೆಯದು:
ಕಪ್ಪು ಚೌಕ, ನಡುವೆ ರಬ್ಬರ್ ಕುಪ್ಪಸ ತೊಟ್ಟ ಕೋಲು,
ಎಡ ಮೂಲೆಯಲ್ಲಿ ಒಂದೇ ಒಂದು ಕೆಂಪು ಗುಂಡಿ.
ಗಟ್ಟಿ ಹಿಟ್ಟಿನಲ್ಲಿ ಸಿಕ್ಕ ತೊಳಸುವ ಕೋಲಿನಷ್ಟು ಬಿಗಿ,
ಹತ್ತು ನಿಮಿಷಕ್ಕೆ ಅಂಗೈ ಬೊಬ್ಬೆ.
ಬೊಬ್ಬೆ ಇರಲಿ. ಅದು ಬಲಗೈಯವರದು.

ನಾನು ಎಡಚಿ.
ಅಜ್ಜಿ ಸೌಟಿನ ಹಿಡಿಯಿಂದ ತಟ್ಟಿ ತಟ್ಟಿ
ತುತ್ತನ್ನು ಬಲಕ್ಕೆ ದಾಟಿಸಿದ್ದಳು,
ಬರೆಯುವುದನ್ನು ಮೇಷ್ಟ್ರು.
ಎಡಕ್ಕೆ ಉಳಿದದ್ದು ಕಲ್ಲೆಸೆಯುವುದು, ಮತ್ತೆ ಇದು.
ಡಬ್ಬಿಯನ್ನು ಕಾಲುಸುತ್ತು ತಿರುಗಿಸಿ ಹಿಡಿದೆ.
ಗುಂಡಿ ಬಲ ಹೆಬ್ಬೆರಳಿಗೆ ಬಂತು,
ದಿಕ್ಕುಗಳು ಬರಲಿಲ್ಲ:
ಮೇಲೆ ತಳ್ಳಿದರೆ ಹಡಗು ಎಡಕ್ಕೆ,
ಬಲಕ್ಕೆ ತಳ್ಳಿದರೆ ಮೇಲಕ್ಕೆ.
ಬೇಸಿಗೆ ರಜೆ ಪೂರ್ತಿ
ಲೆಕ್ಕ ಹಾಕಿ ಹಾಕಿ ಸತ್ತೆ.

ಕೋಲು ಮುರಿದ ದಿನ ಬೋರಲಿಂಗಣ್ಣ
ಪೇಟೆಬೀದಿಯ ಸಿದ್ದಾಚಾರಿಗಳ ಹತ್ತಿರ ನನ್ನನ್ನೇ ಅಟ್ಟಿದ,
ಮುರಿದವಳು ನೀನೇ ಎಂದು.
ಅವರಪ್ಪ ನೇಗಿಲ ಗುಳ ಬಡಿದವರು, ಇವರದು ರೇಡಿಯೋ.
"ಹೆಂಗವ್ವ ಹಿಡೀತಿದ್ದೆ, ತೋರ್ಸು."
ಹೆದರುತ್ತ ತೋರಿಸಿದೆ.
ಸೌಟು ಬೀಳಲಿಲ್ಲ.
ನಾಲ್ಕು ತಿರುಪು ಬಿಚ್ಚಿದರು. ರಾಳದ ಹೊಗೆ.
ಒಳಗಿನ ನಾಲ್ಕು ತಂತಿಗಳನ್ನು
ಚೌಕಾಬಾರದ ಕಾಯಿ ನಡೆಸಿದ ಹಾಗೆ
ಒಂದೊಂದು ಮನೆ ಮುಂದಕ್ಕಿಟ್ಟು ಮುಚ್ಚಿದರು.
ಚೀಟಿಯಲ್ಲಿ ಬರೆದದ್ದು ಕೋಲಿನ ದುಡ್ಡು ಮಾತ್ರ.

ಈಗ ನನ್ನದು ಹೊಲಿಗೆ ಅಂಗಡಿ.
ಎಡಗೈಲಿ ಹಿಡಿದ ಕತ್ತರಿ ಬಟ್ಟೆಯನ್ನು ಕಚ್ಚದೆ
ಮಡಚಿ ನುಂಗುವಾಗೆಲ್ಲ ಅವರ ನೆನಪು.
ಏನು ಮಾಡುವುದು, ಕತ್ತರಿಯೊಳಗೆ ತಂತಿಯಿಲ್ಲ.

ಅವತ್ತು ಸಂಜೆ ರೇವಣ್ಣನೇ ಮೊದಲು ಎತ್ತಿಕೊಂಡ.
ಎಂದಿನಂತೆ ಬಲಗೈಲಿ ಹಿಡಿದು
ಮೂರು ಹಡಗನ್ನು ಮೂರೇ ಉಸಿರಿಗೆ ಕಳೆದ.
"ಥೂ, ಇದು ಕೆಟ್ಟೋಗದೆ ಕಣಣ್ಣ!"
ಬೋರಲಿಂಗಣ್ಣ ನನ್ನ ಮುಖ ನೋಡಿದ.
ನಾನು ಚಾಪೆಯ ತುದಿಯಿಂದ
ಕೈ ಚಾಚಿದೆ, ಎಡದ್ದು.