ಮುಟ್ಟಾಳೆಯ ಶಟರು

ಬೆಳಿಗ್ಗೆ ಉಚ್ಚಿಲದ ಹಾಲಿನಲ್ಲಿ ಆರುನೂರು ಜನಕ್ಕೆ
"ಸ್ವಲ್ಪ ಈಚೆ, ಗಲ್ಲ ಮೇಲೆ" ಎಂದವನು ನಾನು.
ಸಂಜೆ ಅದೇ ಕ್ಯಾಮರಾ, ಪಟ್ಟಿಗೆ ಅಂಟಿದ
ಶಂಕರಪುರ ಮಲ್ಲಿಗೆಯ ಎಸಳು ಸಮೇತ
ಕಾಪುವಿನ ಬಂಡೆಗೆ ಬಂದಿದೆ.
ಇಲ್ಲಿ ಈಚೆ ಬಾ ಅಂದರೆ ಕೇಳುವವರಿಲ್ಲ.

ಸೂರ್ಯ ಮುಳುಗಿ ನಲವತ್ತು ನಿಮಿಷ.
ಶುಕ್ರನ ಬಲಕ್ಕೆ, ನೀರಿನಿಂದ ಮೂರು ಬೆರಳು ಮೇಲೆ.
"ತೋಜುಂಡಾ?"
"ತೋಜುಜಿ," ಎಂದ ದೇವದಾಸ ಕುಂದರ್.
ನೇರ ನೋಡಿದರೆ ಇಲ್ಲ, ಓರೆ ನೋಡಿದರೆ ಉಂಟು:
ಸ್ಲೇಟು ಒರೆಸಿದ ಮೇಲೂ ಉಳಿದ ಬಳಪದ ಗೀರು.

ತೊಂದರೆ ದೀಪಸ್ತಂಭದ್ದು.
ತಿರುಗಿ ತಿರುಗಿ ಬಂದು ಚಿತ್ರ ತೊಳೆದುಬಿಡುತ್ತದೆ.
ಕುಂದರ್ ತನ್ನ ಅಜ್ಜನ ಮುಟ್ಟಾಳೆ ತೆಗೆದು ಲೆನ್ಸಿಗೆ ಹಿಡಿದ.
ಬೆಳಕು ಬಂದಾಗ ಮುಚ್ಚು, ಹೋದಾಗ ತೆರೆ.
ಹೀಗೆ ಅರುವತ್ತು ಚೂರು. ಮನೆಯಲ್ಲಿ ಪೇರಿಸಬೇಕು.
ಧೂಮಕೇತುವನ್ನು ಹೊಂದಿಸಿದರೆ ಚುಕ್ಕಿಗಳು ಗೀರಾಗುತ್ತವೆ,
ಚುಕ್ಕಿಗಳನ್ನು ಹೊಂದಿಸಿದರೆ ಅದು ಕದಡುತ್ತದೆ.

ಪರದೆಯಲ್ಲಿ ತಲೆ ಹಸಿರು.
"ಲೈಟ್ ಫಿಶಿಂಗಿನ ಬೋಟು!" ಎಂದು ನಕ್ಕ.
ಇಂಗಾಲ ಅದು, ಇಬ್ಬಿಬ್ಬರು ಕೈಹಿಡಿದ ಪರಮಾಣುಗಳು,
ಬಿಸಿಲು ಕುಡಿದು ಹಸಿರು ಉಗುಳುತ್ತವೆ.
ಎರಡು ದಿನಕ್ಕೆ ಅದೇ ಬಿಸಿಲು ಕೈ ಬಿಡಿಸುತ್ತದೆ,
ಹಾಗಾಗಿ ಬಾಲದವರೆಗೆ ಹಸಿರು ಮುಟ್ಟುವುದಿಲ್ಲ.
(ಬೆಳಗಿನ ಜೋಡಿ ನೆನಪಾಯಿತು. ಹೇಳಲಿಲ್ಲ.)

ಬಾಲ ಎರಡು.
ಬಾಗಿದ್ದು ಧೂಳು, ಸ್ವಂತದ್ದೇನಿಲ್ಲ,
ಕಡ ತಂದ ಬಿಸಿಲನ್ನು ಹಳದಿಯಾಗಿ ಮರಳಿಸುತ್ತದೆ.
ನೆಟ್ಟಗಿನದು, ಕಣ್ಣಿಗೆ ಸಿಗದೆ ಕ್ಯಾಮರಾಕ್ಕೆ ಮಾತ್ರ ಸಿಕ್ಕ ನೀಲಿ,
ಎಲೆಕ್ಟ್ರಾನು ಕಳೆದುಕೊಂಡ ಅನಿಲ;
ಸೂರ್ಯನಿಂದ ಬೀಸುವ ಗಾಳಿ ಎಳೆದತ್ತ ಹೋಗುತ್ತಾ
ತಾನೇ ಹೊಳೆಯುತ್ತದೆ.
"ಹಿಂದೆ ಬರುವುದಕ್ಕಲ್ಲವಾ ಬಾಲ ಅನ್ನುವುದು?"
ಅಲ್ಲ. ಸೂರ್ಯನಿಂದ ಆಚೆಗೆ ಚಾಚುವುದಕ್ಕೆ.
ಬರುವಾಗ ಹಿಂದೆ. ಮರಳುವಾಗ ಬಾಲವೇ ಮುಂದೆ.
ಕುಂದರ್ ನಂಬಲಿಲ್ಲ.
ದೋಣಿಯ ಹಿಂದೆ ನೊರೆ, ಬಂಗುಡೆಯ ಹಿಂದೆ ಬಾಲ,
ನಲವತ್ತು ವರ್ಷ ಕಡಲಲ್ಲಿ ಕಂಡದ್ದು ಅಷ್ಟೇ.

ಟ್ರೈಪಾಡು ಮಡಚಿ ಹೊರಟೆವು.
ಯಾರದೋ ಬೈಕಿನ ಹೆಡ್‌ಲೈಟು ಬೆನ್ನಿಗೆ ಬಿತ್ತು.
ನಮ್ಮಿಬ್ಬರ ನೆರಳು ಮರಳಿನುದ್ದ ಮುಂದೆ ಓಡಿತು,
ಎಲ್ಲಕ್ಕಿಂತ ಮುಂದೆ ಮುಟ್ಟಾಳೆಯ ತುದಿ.

ಅವನು ನಿಂತುಬಿಟ್ಟ.
ಬೈಕು ದಾಟಿಹೋಯಿತು.
"ಒಂಜಿ ನಿಮಿಷ" ಎಂದು ಪಡುವಣಕ್ಕೆ ತಿರುಗಿದ,
ಅಷ್ಟರಲ್ಲಿ ಅದು ನೀರಿಗಿಳಿದಿತ್ತು.