ಉಳಿದ ಬೂದುಗುಂಬಳ

ಆಯುಧಪೂಜೆಗೆ ತಂದದ್ದು ಎರಡು.
ಒಂದು ಸ್ಕೂಟರಿನ ಮುಂದೆ ಕುಂಕುಮ ಕಾರಿ ಒಡೆಯಿತು.
ಇನ್ನೊಂದು ಅಡುಗೆಮನೆ ಮೂಲೆಯಲ್ಲಿ
ಮೈತುಂಬ ಬೂದಿ ಬಳಿದುಕೊಂಡು ಕೂತೇ ಇತ್ತು,
ಕೊಟ್ರೇಶಿ ‘ಅತ್ತೀ, ಶನಿವಾರ ದೆವ್ವದ ಪಾರ್ಟಿ’ ಅನ್ನುವವರೆಗೆ.

ಸುಣ್ಣದ ತಿಳಿನೀರಲ್ಲಿ ಇಡೀ ರಾತ್ರಿ ನೆನೆದು
ಬೆಳಿಗ್ಗೆ ಹೋಳಿಗೆಲ್ಲ ಎಲುಬಿನ ಬಿಳುಪು.
ಕೆತ್ತಿದೆ: ಹೆಬ್ಬೆರಳು, ಕಿರುಬೆರಳು,
ಉಗುರಿಗೆ ಸೀಳಿದ ಬಾದಾಮಿ.
ನೆಲ್ಲಿಕಾಯಿಗೆ ಗೆರೆ ದೇವರೇ ಕೊರೆದಿದ್ದಾನೆ;
ಬೀಟ್‌ರೂಟ್ ರಸ ಇಳಿಸಿ ಲವಂಗ ಚುಚ್ಚಿದರೆ
ನಿದ್ದೆಗೆಟ್ಟ ಕಣ್ಣು.

ಪಾಕ ಎರಡೆಳೆಗೆ ಬರುವಷ್ಟರಲ್ಲಿ
ಕೆಳಮನೆಯ ಹಾಲಮ್ಮ ಮೆಟ್ಟಿಲು ಹತ್ತಿ ಬಂದರು:
‘ದೃಷ್ಟಿ ತೆಗಿಯೋ ಕಾಯಿ ಐತವ್ವಾ ಇದು,
ಇದಕ್ಕೇ ದೆವ್ವದ ವೇಷ ಹಾಕ್ತಿಯಲ್ಲ!’
ಬೈಯುತ್ತಲೇ ಒಂದು ಬೆರಳು ಕಡಿದು
ಏಲಕ್ಕಿ ಕಡಿಮೆ ಅಂದರು.

ಶನಿವಾರ ಸಂಜೆ. ದಾವಣಗೆರೆ ವಿದ್ಯಾನಗರದ ತಾರಸಿ.
ಬೆಡ್‌ಶೀಟು ಹೊದ್ದ ಒಂಬತ್ತು ದೆವ್ವಗಳು
ತಟ್ಟೆ ನೋಡಿ ಒಂದು ಹೆಜ್ಜೆ ಹಿಂದೆ.
ಅಷ್ಟರಲ್ಲಿ ಕರೆಂಟು ಹೋಯಿತು.

ಕತ್ತಲಲ್ಲಿ ಮೊದಲು ಒಂದು ಚೀರು,
ಆಮೇಲೆ
ಕಟುಂ, ಕಟುಂ.

ಬೆಳಕು ಬಂದಾಗ ತಟ್ಟೆಯಲ್ಲಿ ಒಂದೇ ಕಣ್ಣು,
ನನ್ನನ್ನೇ ನೋಡುತ್ತ.
ಸ್ಕೂಟರಿಗೆ ಕಟ್ಟಲೇ ಅಂದುಕೊಂಡೆ.
ತಿಂದುಬಿಟ್ಟೆ.
ಹಾಲಮ್ಮ ಹೇಳಿದ್ದು ನಿಜ,
ಏಲಕ್ಕಿ ಕಡಿಮೆ.