ತೂಕದ ಮನೆ

ತಾತನ ಎಡ ಅಂಗೈಯಲ್ಲೊಂದು ಗುಳಿಯಿತ್ತು,
ಹುಣಸೆಬೀಜ ಇಟ್ಟರೆ ಉರುಳದೆ ಕೂರುವಷ್ಟು.
ಅರವತ್ತು ವರ್ಷ ದಿನಾ ಲಿಂಗ ಕೂತು ಕೂತು ಆದದ್ದು
ಅಂತ ದೊಡ್ಡಮ್ಮ ಹೇಳುತ್ತಿದ್ದಳು.
ಸುಳ್ಳಿರಬಹುದು. ಹುಟ್ಟಿದಾಗಿನಿಂದಲೇ ಇತ್ತೇನೋ.
ನಾನಂತೂ ಆ ಗುಳಿಯಲ್ಲಿ
ಕಡಲೆಕಾಯಿ, ಅಂಗಿಯ ಗುಂಡಿ, ಬಿದ್ದ ನನ್ನ ಹಾಲುಹಲ್ಲು
ಎಲ್ಲ ಇಟ್ಟು ನೋಡಿದ್ದೇನೆ.
ಅವರು ಕೈ ಕದಲಿಸುತ್ತಿರಲಿಲ್ಲ.

ಮಂಡ್ಯದ ಗಾಳಿಗೆ ಆಗ ಕಾಕಂಬಿಯ ವಾಸನೆ.
ಕಾರ್ಖಾನೆ ಮೊದಲ ಸಲ ಕೂಗುವಷ್ಟರಲ್ಲಿ
ತಾತ ಮಿಂದು, ಕರಡಿಗೆ ಬಿಚ್ಚಿ, ಕೂತಾಗಿರುತ್ತಿತ್ತು.
ಹಾಡಿಲ್ಲ, ಗಂಟೆಯಿಲ್ಲ,
ಕಣ್ಣು ಅಂಗೈ ಮೇಲೆ, ಉಸಿರು ಎಲ್ಲೋ.
ಅಜ್ಜಿ ದಾಕ್ಷಾಯಣಮ್ಮ ಊದುಗೊಳವಿ ಕೆಳಗಿಟ್ಟು
ಹೊಗೆಯಲ್ಲೇ ಕಣ್ಣೊರೆಸಿಕೊಳ್ಳುತ್ತಾ ಕಾಯುವಳು.
ಎರಡನೇ ಕೂಗಿಗೆ ಸೈಕಲ್ಲು, ಬುತ್ತಿ, ಹಣೆಯ ಮೇಲೆ ಇನ್ನೂ ಹಸಿ ವಿಭೂತಿ.

ತೂಕದ ಮನೆಯೆಂದರೆ
ತಗಡಿನ ಸೂರು, ಒಂದು ಕಿಟಕಿ, ನೆಲಕ್ಕೆ ಕಬ್ಬಿಣದ ಹಾಸು.
ರಸ್ತೆಯ ತಿರುವು ದಾಟಿ ಗಾಡಿಗಳ ಸಾಲು.
ರಾತ್ರಿಯೆಲ್ಲ ಕಾದು ಕೆಂಪಾದ ಕಣ್ಣುಗಳು,
ಮುಂದಿನ ಗಾಡಿಯ ಸೋಗೆಯನ್ನೇ ಎಳೆದು ತಿನ್ನುವ ಎತ್ತು.
ಗಾಡಿ ಹತ್ತಿದರೆ ಮುಳ್ಳು ನಡುಗುವುದು.
ಮುಳ್ಳು ನಿಲ್ಲದೆ ಗುರುಮಲ್ಲಯ್ಯ ಬರೆಯೋದಿಲ್ಲ
ಅಂತ ಸುತ್ತಲ ಹಳ್ಳಿಗೆಲ್ಲ ಗೊತ್ತು,
ಅದಕ್ಕೇ ಬೈಗುಳ.
'ಬಿರ್ರನೆ ಬರೀರಿ ಅಯ್ನೋರೇ, ವತ್ತಾಯ್ತದೆ!'
'ತಡ್ಕಳಪ್ಪ, ಅದಿನ್ನೂ ಯೋಚ್ನೆ ಮಾಡ್ತಾ ಅದೆ.'

ಒಂದು ರಾತ್ರಿ ಊಟಕ್ಕೆ ಕೂತವರು
ಮುದ್ದೆ ಮುರಿದು, ಹಾಗೇ ಎದ್ದರು.
ಆರು ಬರೆಯಬೇಕಾದಲ್ಲಿ ಐದು ಬರೆದಿದ್ದೆ ಅಂತ
ಕೈ ತೊಳೆಯುತ್ತಾ ಗೋಡೆಗೆ ಹೇಳಿದರು.
ಹೊಳಲಿನವರೆಗೂ ಸೈಕಲ್ಲು, ಡೈನಮೋದ ಅಳ್ಳೆದೆಯ ಬೆಳಕು.
ಸಣ್ಣತಮ್ಮೇಗೌಡ ಬಾಗಿಲು ತೆಗೆದು
ಯಾರು ತೀರ್ಕಂಡ್ರು ಅಂದನಂತೆ.
'ಯಾರೂ ಇಲ್ಲ. ನಿಮ್ಮ ಒಂದು ಕ್ವಿಂಟಾಲು ನನ್ನತ್ರ ಉಳ್ಕಂಡದೆ.'
ಗೌಡ ನಕ್ಕು ನಕ್ಕು, ಚೊಂಬಿನ ತುಂಬ ನೀರು ತಂದು ಕೊಟ್ಟನಂತೆ.
ತಾತ ಕುಡಿಯಲಿಲ್ಲ.

ಇದನ್ನೂ ಬರೆಯಬೇಕು. ಮುಳ್ಳು ನಿಂತಿದೆ.
ಭವಿಗಳ ಮನೆಯ ನೀರು ಅಂತ
ಬಾಯಾರಿದ ಗಂಟಲಲ್ಲೇ ಅಷ್ಟು ದೂರ ವಾಪಸು ತುಳಿದರು.
ಈ ಕಥೆಯನ್ನು ಮನೆಯಲ್ಲಿ
ನೀರಿನ ಭಾಗ ಬಿಟ್ಟು ಹೇಳುತ್ತಿದ್ದರು ಎಲ್ಲರೂ;
ತಾತನೊಬ್ಬರೇ ಅದನ್ನು ಸೇರಿಸಿ ಹೇಳಿದ್ದು.
ನನಗೆ ಹದಿನಾರು. ಕೋಪ ಬರಲು ಸರಿಯಾದ ವಯಸ್ಸು.
'ಕಬ್ಬು ಸರಿಯಾಗಿ ತೂಗಿದ್ರಿ ತಾತ,
ಗೌಡನ್ನ ತೂಗೋಕೆ ಬರಲಿಲ್ವಾ?'
ಅಜ್ಜಿ ಸೌಟು ಎತ್ತಿದಳು ನನ್ನ ಮೇಲೆ.
ತಾತ ಏನೂ ಅನ್ನಲಿಲ್ಲ.
ನಾಲ್ಕು ದಿನ ಪೂಜೆಯಲ್ಲಿ
ಇನ್ನೂ ಒಂದಿಷ್ಟು ಹೊತ್ತು ಕೂತರು, ಅಷ್ಟೆ.

ಸೋಮವಾರ ಸೈಕಲ್ಲು ಹೊರಗೆ ತಳ್ಳಿದರು.
ನಿವೃತ್ತಿಯಾಗಿ ಆರು ವರ್ಷ, ಮಂಡಿ ನೋವು ಬೇರೆ.
ಎಲ್ಲಿಗೆ ಅಂದರೆ 'ಬಾಕಿ' ಅಂದರು.
ಮಧ್ಯಾಹ್ನ ಬಂದಾಗ ಅಂಗಿಯ ಎದೆ ನೆನೆದಿತ್ತು,
ಚೊಂಬು ಎತ್ತಿ ಕುಡಿದವರ ಅಂಗಿ ನೆನೆಯುವ ಹಾಗೆ.
ಅಜ್ಜಿ ಎರಡು ದಿನ ಮಾತು ಬಿಟ್ಟಳು.
ಅವರು ಎಂದಿನಂತೆ ಲಿಂಗಕ್ಕೆ ನೀರೆರೆದರು, ಎಂದಿನಂತೆ ಕಣ್ಣು ನಿಲ್ಲಿಸಿದರು.
ನನಗೆ ಒಂದು ಮಾತೂ ಹೇಳಲಿಲ್ಲ,
ಊಟಕ್ಕೆ ಕೂತಾಗ ಮಾತ್ರ
ತಮ್ಮ ತಟ್ಟೆಯ ಹಪ್ಪಳ ಮುರಿದು
ದೊಡ್ಡ ಚೂರು ನನ್ನ ಕಡೆ ತಳ್ಳಿದರು.

ಅವರನ್ನು ಕೂರಿಸಿಯೇ ಮಣ್ಣು ಮಾಡಿದ್ದು.
ಬೆನ್ನು ನೆಟ್ಟಗೆ, ಗೂಡಿನೊಳಗೆ, ಸೊಂಟದವರೆಗೆ ಬಿಲ್ವಪತ್ರೆ.
ಎಡಗೈ ಬಿಡಿಸಿ ಲಿಂಗ ಇಟ್ಟರು.
ಬಟ್ಟೆಯಿಂದ ಕಟ್ಟಿ ಸ್ವಾಮಿ, ಉರುಳೀತು ಅಂದರು ಯಾರೋ.
ಉರುಳಲಿಲ್ಲ.
ಜನರ ಹಿಂದೆ, ಕೋಲೂರಿಕೊಂಡು,
ಟವಲು ಬಾಯಿಗೊತ್ತಿ ನಿಂತಿದ್ದ ಸಣ್ಣತಮ್ಮೇಗೌಡ
ಮೂರು ಹಿಡಿ ಮಣ್ಣು ಹಾಕಿ,
ಹೋಗುತ್ತಾ ಮತ್ತೆ ತಿರುಗಿ ಬಂದು
ಇನ್ನೊಂದು ಹಿಡಿ ಹಾಕಿದ.

ನನ್ನ ಹಾಲುಹಲ್ಲನ್ನು ಅವರು ಆಮೇಲೆ ಎಲ್ಲಿಟ್ಟರೋ,
ಕೇಳಬೇಕು ಅಂದುಕೊಂಡಿದ್ದೆ.